ವಾಚಿನ ಡಬ್ಬಿ, ಗ್ಯಾರಂಟಿ ಕಾರ್ಡುಗಳನ್ನು ರದ್ದಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಒಂದು ಸಂಜೆ ಗಾಡಿಯೊಂದರಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಪೊಟ್ಟಣ ಬಿಚ್ಚಿದರೆ ಎಣ್ಣೆ ಹೀರಿದ ಕಾಗದದ ಮೇಲೆ ನೇರಳೆ ಶಾಯಿಯ ದುಂಡನೆಯ ಅಕ್ಷರಗಳು. ವಾಚು ರಿಪೇರಿ ಅಂಗಡಿಯೊಂದರ ದಾಖಲೆ ಪುಸ್ತಕದ ಹಾಳೆ ಅದು. ತಾರೀಖು, ಗಿರಾಕಿಯ ಹೆಸರು, ಮಾದರಿ, ವಾಚಿನ ಬೆನ್ನಿನ ಸಂಖ್ಯೆ, ದೂರು ಎಂದು ಐದು ಕಲಮುಗಳು. 'ಜನತಾ, ಕೀಲಿ ನಿಲ್ಲುವುದಿಲ್ಲ.' 'ಪೈಲಟ್, ಒಳಗೆ ನೀರು ಹೋಗಿದೆ.' ಜನತಾ, ಪೈಲಟ್ ಎರಡೂ ಎಚ್‌ಎಂಟಿ ವಾಚಿನ ಮಾದರಿಗಳು. ವರ್ಷ 1979. ಮಿರ್ಚಿ ತಣ್ಣಗಾದರೂ ನನಗೆ ತಿನ್ನಲು ಮನಸ್ಸಾಗಲಿಲ್ಲ. ಮರುದಿನ ಹೋಗಿ ವಿಚಾರಿಸಿದಾಗ, ಮುಚ್ಚಿದ ಅಂಗಡಿಯೊಂದರ ಪುಸ್ತಕಗಳು ರದ್ದಿಯಲ್ಲಿ ಬಂದಿದ್ದವು, ಉಳಿದ ಹಾಳೆಗಳೆಲ್ಲ ಆ ವಾರವೇ ಮುಗಿದವು ಎಂದು ಗಾಡಿಯವರು ಹೇಳಿದರು. ಅವರದೇನೂ ತಪ್ಪಿಲ್ಲ. ಅವರಿಗೆ ಅದು ಕಾಗದ, ಅಷ್ಟೇ.

ನಾನು ನಲವತ್ತು ವರ್ಷ ದಾವಣಗೆರೆಯಲ್ಲಿ ಪತ್ರ ಬರಹಗಾರನಾಗಿದ್ದವನು. ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ ಬರೆದೇ ಮಕ್ಕಳನ್ನು ಓದಿಸಿದವನು. ಜಮೀನಿನ ಮಾತು ಬಂದರೆ 'ಮೂಲ ಪತ್ರ ಎಲ್ಲಿ?' ಎಂದು ಮೊದಲು ಕೇಳುವುದು ನಮ್ಮ ವೃತ್ತಿಯ ರೂಢಿ. ಹಳೆಯ ವಾಚುಗಳ ವಿಷಯದಲ್ಲೂ ನನ್ನದು ಅದೇ ಪ್ರಶ್ನೆ. ಡಬ್ಬಿ, ಗ್ಯಾರಂಟಿ ಕಾರ್ಡು, ರಸೀದಿ ಇವು ವಾಚಿನ ಮೂಲ ಪತ್ರಗಳು. ವಾಚನ್ನು ಜೋಪಾನವಾಗಿ ಎತ್ತಿಟ್ಟು ಇವನ್ನು ಬಿಸಾಡುವ ಮನೆಗಳನ್ನು ಕಂಡು ಕಂಡು ಸಂಕಟವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯಲ್ಲಿ ನೂಲಿನ ವಿಭಾಗದಲ್ಲಿದ್ದರು. 1974ರಲ್ಲಿ ಬೋನಸ್ ಹಣದಲ್ಲಿ ಎಚ್‌ಎಂಟಿ ಜನತಾ ಕೊಂಡರು. ದಿನಾ ಬೆಳಿಗ್ಗೆ ಕೀಲಿ ಕೊಡುವ, ಹದಿನೇಳು ಜ್ಯುವೆಲ್‌ಗಳ (ಒಳಗಿನ ಭಾಗಗಳು ಸವೆಯದಂತೆ ಕೂರಿಸಿದ ಪುಟ್ಟ ಹರಳುಗಳ) ವಾಚು. ಅದು ಈಗಲೂ ನಡೆಯುತ್ತದೆ. ಆದರೆ ತಂದೆಯವರ ನೆನಪಾದಾಗ ನಾನು ಕೈಗೆತ್ತಿಕೊಳ್ಳುವುದು ಅದರ ಕಾರ್ಡನ್ನು. ಮಡಿಕೆಯಲ್ಲಿ ಸವೆದು ಬಟ್ಟೆಯಂತೆ ಮೆತ್ತಗಾಗಿದೆ. ಅಂಗಡಿಯ ಮುದ್ರೆಯಲ್ಲಿ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ' ಎಂದಿದೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಆಗಲೇ ಒಂದು ವರ್ಷವಾಗಿತ್ತು. ಅಂಗಡಿಯವರು ರಬ್ಬರು ಸವೆಯುವವರೆಗೆ ಹಳೆಯ ಮುದ್ರೆಯನ್ನೇ ಒತ್ತುತ್ತಿದ್ದರು. ರಸೀದಿಯಲ್ಲಿ ಬೆಲೆ ಬರೆದ ಜಾಗವನ್ನೇ ಬೆಳ್ಳಿಹುಳು ತಿಂದು ತೂತು ಮಾಡಿದೆ. ಕಾರ್ಡಿನ ಹಿಂಬದಿಯಲ್ಲಿ ರಿಪೇರಿಯವರು ಬರೆದ ನಾಲ್ಕು ಸಾಲುಗಳಿವೆ: ಶುದ್ಧಿ ಮಾಡಿ ಎಣ್ಣೆ ಹಾಕಿದೆ, ಶುದ್ಧಿ ಮಾಡಿ ಎಣ್ಣೆ ಹಾಕಿದೆ. ಎಲ್ಲವೂ ಎರಡೆರಡು ವರ್ಷದ ಅಂತರದಲ್ಲಿ, ಎಲ್ಲವೂ ಫೆಬ್ರುವರಿಯಲ್ಲಿ. ಯಾಕೆಂದು ಬಹಳ ದಿನ ಹೊಳೆದಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಊರದೇವತೆ ದುಗ್ಗಮ್ಮನ ಜಾತ್ರೆಗೆ ಮನೆಗೆ ಸುಣ್ಣ ಬಳಿಸುವ ಹೊತ್ತಿನಲ್ಲೇ ತಂದೆ ವಾಚನ್ನೂ ಶುದ್ಧಿಗೆ ಕೊಡುತ್ತಿದ್ದರು. ಇದನ್ನು ಅವರು ಯಾವತ್ತೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಈ ಕಾಗದಗಳಿಗೆ ಈಗ ಇನ್ನೊಂದು ಕಾರಣಕ್ಕೂ ಬೆಲೆ ಬಂದಿದೆ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ವಾಚು ತಯಾರಿಕೆ ಆರಂಭಿಸಿತು. ಮುಂದೆ ತುಮಕೂರಿಗೂ ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಅಲ್ಲಿಂದ ಹಳೆಯ ವಾಚುಗಳ ಬೇಟೆ ಜೋರಾಯಿತು. ಬೇಟೆಯ ಹಿಂದೆ ನಕಲಿಯೂ ಬಂತು. ನಾಲ್ಕು ವಾಚುಗಳ ಭಾಗ ಕೂಡಿಸಿ ಒಂದು ಮಾಡುತ್ತಾರೆ, ಮಾಸಿದ ಡಯಲ್ಲಿಗೆ ಕಂಪನಿ ಎಂದೂ ಮಾಡದ ಬಣ್ಣ ಬಳಿದು 'ಅಪರೂಪದ್ದು' ಎನ್ನುತ್ತಾರೆ. ಜಿನೀವಾದ ಪಾಟೆಕ್ ಫಿಲಿಪ್ ಕಂಪನಿ ಶುಲ್ಕ ಕಟ್ಟಿದರೆ ತನ್ನ ಹಳೆಯ ದಾಖಲೆ ನೋಡಿ, ಇಂಥ ಸಂಖ್ಯೆಯ ವಾಚು ಇಂಥ ವರ್ಷ ತಯಾರಾಯಿತು, ಇಂಥ ದಿನ ಮಾರಾಟವಾಯಿತು ಎಂದು ಬರೆದುಕೊಡುತ್ತದೆ. ನಮ್ಮ ಗಿರಣಿ ಕಾರ್ಮಿಕರ, ಮೇಷ್ಟರ, ಕಂಡಕ್ಟರುಗಳ ವಾಚುಗಳಿಗೆ ನಮ್ಮೂರ ಚೌಕಿಪೇಟೆಯ ಅಂಗಡಿಯವರು ಒತ್ತಿಕೊಟ್ಟ ಮುದ್ರೆಯೇ ಸಾಕ್ಷಿ.

ಆ ಸಾಕ್ಷಿಯನ್ನೂ ಈಗ ಹುಟ್ಟಿಸುತ್ತಿದ್ದಾರೆ. ಪರಿಚಯದ ಹುಡುಗನೊಬ್ಬ 'ಡಬ್ಬಿ, ಕಾರ್ಡು ಸಮೇತ' ಒಂದು ಪೈಲಟ್ ಕೊಂಡು ನನಗೆ ತೋರಿಸಲು ತಂದ. ಕಾರ್ಡಿನಲ್ಲಿ 1983ರ ತಾರೀಖು, ಅದರ ಕೆಳಗೆ 'ದಾವಣಗೆರೆ ಜಿಲ್ಲೆ' ಎಂಬ ಮುದ್ರೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರು. ಆ ಕಾಲದ ಎಷ್ಟು ಪತ್ರಗಳಲ್ಲಿ ನನ್ನ ಕೈಯಾರೆ ಹಾಗೆ ಬರೆದಿದ್ದೇನೆ! ಹುಡುಗನ ಮುಖ ನೋಡಲಾಗಲಿಲ್ಲ. ಮೂರು ತಿಂಗಳ ಉಳಿತಾಯ ಹಾಕಿದ್ದನಂತೆ.

ಕೊಳ್ಳುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಹಳೆಯ ಮುದ್ರೆ ಹೊಸ ತಾರೀಖಿನ ಮೇಲೆ ಬರಬಹುದು, ನಮ್ಮ ತಂದೆಯ ಕಾರ್ಡಿನಲ್ಲಿ ಬಂದ ಹಾಗೆ. ಹೊಸ ಮುದ್ರೆ ಹಳೆಯ ತಾರೀಖಿನ ಮೇಲೆ ಬರಲಾರದು. ಆರು ಅಂಕಿಯ ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. 577ರಿಂದ ಆರಂಭವಾಗುವ ನಮ್ಮ ಕಡೆಯ ಪಿನ್ ಸಂಖ್ಯೆ 1968ರ ಕಾರ್ಡಿನ ಮುದ್ರೆಯಲ್ಲಿದ್ದರೆ ಕೈಮುಗಿದು ಎದ್ದು ಬನ್ನಿ. ಕಾರ್ಡಿನ ಸಂಖ್ಯೆಗೂ ವಾಚಿನ ಬೆನ್ನಿನ ಸಂಖ್ಯೆಗೂ ತಾಳೆ ನೋಡದೆ ಹಣ ಕೊಡಬೇಡಿ.

ಖಾಲಿ ಡಬ್ಬಿ, ಬಿಡಿ ಕಾರ್ಡುಗಳನ್ನು ಕೊಂಡು ಬೇರೆ ವಾಚಿಗೆ ಜೋಡಿಸಿ ಮಾರುವುದೂ ನಡೆದಿದೆ. ಒಂದು ಸರ್ವೆ ನಂಬರಿನ ಪತ್ರವನ್ನು ಇನ್ನೊಂದು ಹೊಲಕ್ಕೆ ಅಂಟಿಸಿದ ಹಾಗೆ ಇದು. ಕಾಗದ ಅಸಲಿಯಾಗಿದ್ದರೂ ಅದು ಹೇಳುವುದು ಸುಳ್ಳು. ನಾನೂ ಕಾಗದ ಸಂಗ್ರಹಿಸುವವನೇ, ಆದರೆ ವಾಚಿನಿಂದ ಬೇರೆ ಮಾಡಿ ಒಂದನ್ನೂ ಕೊಂಡಿಲ್ಲ, ಕೊಟ್ಟಿಲ್ಲ. ರದ್ದಿಯಲ್ಲಿ ಸಿಕ್ಕವನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಮನೆಯಲ್ಲಿ ಇಂಥವು ಇದ್ದವರು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋ ಟೇಪ್ ಅಂಟಿಸಬೇಡಿ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರವನ್ನೇ ನುಂಗುತ್ತದೆ, ನಮ್ಮ ಕಚೇರಿಯ ಹಳೆಯ ಪತ್ರಗಳಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ. ಡಬ್ಬಿಯೊಳಗಿನ ಸ್ಪಂಜು ಹಳತಾದರೆ ಕರಗಿ ಜಿಗುಟಾಗುತ್ತದೆ. ವಾಚನ್ನು ಅದರ ಮೇಲೆ ವರ್ಷಗಟ್ಟಲೆ ಬಿಡದೆ, ಹತ್ತಿಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ.

ಅಂಗಡಿ ಮುಚ್ಚುತ್ತಿರುವ ವಾಚು ವ್ಯಾಪಾರಿಗಳಲ್ಲೂ ರಿಪೇರಿಯವರಲ್ಲೂ ನನ್ನ ಬೇಡಿಕೆ ಒಂದೇ. ದಾಖಲೆ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಒಂದು ದಿನ ತಡೆಯಿರಿ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಇಂಥ ಪುಸ್ತಕಗಳನ್ನು ಪಡೆದು, ಕನಿಷ್ಠ ಛಾಯಾಪ್ರತಿಯನ್ನಾದರೂ ತೆಗೆದಿರಿಸಲಿ. ಈ ಊರಿನಲ್ಲಿ ಯಾರು ಯಾವ ವರ್ಷ ಮೊದಲ ವಾಚು ಕಟ್ಟಿದರು ಎಂಬುದು ಬೇರೆಲ್ಲೂ ಬರೆದಿಟ್ಟಿಲ್ಲ.

ಕೊನೆಯದಾಗಿ, ರದ್ದಿಯಲ್ಲಿ ಸಿಕ್ಕ ಒಂದು ಕಾರ್ಡು ನನ್ನ ಬಳಿ ವಾಚಿಲ್ಲದೆ ಕುಳಿತಿದೆ. ಎಚ್‌ಎಂಟಿ ಸುಜಾತಾ, ಹೆಂಗಸರ ವಾಚು. ಕೊಂಡದ್ದು 1981ರ ಮೇ ತಿಂಗಳಲ್ಲಿ, ದಾವಣಗೆರೆಯಲ್ಲೇ. ಹೆಸರಿನ ಸಾಲಿನಲ್ಲಿ 'ಕುಮಾರಿ' ಎಂದು ಬರೆದು, ಹೊಡೆದುಹಾಕಿ, 'ಶ್ರೀಮತಿ' ಎಂದು ತಿದ್ದಿದ್ದಾರೆ. ಬೆನ್ನಿನ ಸಂಖ್ಯೆಯ ಕೊನೆಯ ಮೂರು ಅಂಕಿ 417. ಉಳಿದ ಅಂಕಿಗಳನ್ನೂ ಹೆಸರನ್ನೂ ನಾನು ಹೇಳುವುದಿಲ್ಲ, ವಾಚು ಇರುವವರೇ ಹೇಳಲಿ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ. ಹಣ ಬೇಡ. ವಾಚನ್ನು ತಂದು ತೋರಿಸಿದರೆ ಸಾಕು, ಕಾರ್ಡು ಅವರದು.

– ನಿವೃತ್ತ ಪತ್ರ ಬರಹಗಾರ, ವಿನೋಬನಗರ, ದಾವಣಗೆರೆ