ಗೇಟಿನ ಲೆಕ್ಕ ತಪ್ಪಿದ್ದಕ್ಕೆ ಅಭಿಮಾನಿಗೆ ಲಾಠಿ ಏಕೆ?

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ಪಂದ್ಯದಲ್ಲಿ ನೂಕುನುಗ್ಗಲಾದಾಗಲೆಲ್ಲ ಮೊದಲು ಕೇಳಿಬರುವುದು ‘ಅಭಿಮಾನಿಗಳ ಅತಿರೇಕ’ ಎಂಬ ಮಾತು. ಎಷ್ಟು ಗೇಟು ತೆರೆದಿದ್ದರು, ಎಷ್ಟು ಹೊತ್ತಿಗೆ ತೆರೆದರು ಎಂದು ವಿಚಾರಿಸುವವರು ಕಡಿಮೆ. ಬಂದೋಬಸ್ತಿನ ಚರ್ಚೆ ಅಲ್ಲಿಂದ ಶುರುವಾಗಬೇಕು.

ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿ ‘ಗ್ರೀನ್ ಗೈಡ್’ ಪ್ರಕಾರ, ಒಂದು ಟರ್ನ್‌ಸ್ಟೈಲ್‌ನಲ್ಲಿ (ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟು) ಗಂಟೆಗೆ 660ಕ್ಕಿಂತ ಹೆಚ್ಚು ಜನ ಒಳಹೋಗುತ್ತಾರೆಂದು ಲೆಕ್ಕ ಹಿಡಿಯುವಂತಿಲ್ಲ. 10,000 ಜನ ಒಂದು ಗಂಟೆಯೊಳಗೆ ಒಳಸೇರಬೇಕಾದರೆ 16 ಟರ್ನ್‌ಸ್ಟೈಲ್ ಬೇಕೇ ಬೇಕು. ಜೇಬು, ಬ್ಯಾಗು ತಡಕುವುದಿದ್ದರೆ ವೇಗ ಇನ್ನೂ ಇಳಿಯುತ್ತದೆ. ಟಿಕೆಟ್ ಸ್ಕ್ಯಾನರ್ ಕೈಕೊಟ್ಟರಂತೂ ಸಾಲು ನಿಂತಲ್ಲೇ ನಿಲ್ಲುತ್ತದೆ. ಮುಂದೆ ಏನಾಗಿದೆ ಎಂಬುದು ಹಿಂದಿನವರಿಗೆ ಕಾಣುವುದಿಲ್ಲ. ಪಂದ್ಯದ ಹೊತ್ತಾಯಿತೆಂದು ಅವರು ಮುಂದೊತ್ತುತ್ತಾರೆ. ಇದು ಪುಂಡಾಟವಲ್ಲ, ಗೇಟು ಸಾಲದೆ ಆದ ಒತ್ತಡ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದದ್ದು ಇದೇ. ನಿಂತು ನೋಡುವ ಸುಮಾರು 10,100 ಲಿವರ್‌ಪೂಲ್ ಅಭಿಮಾನಿಗಳಿಗೆ ಇದ್ದ ಟರ್ನ್‌ಸ್ಟೈಲ್ ಬರೀ ಏಳು. ಇಂದಿನ ಲೆಕ್ಕದಲ್ಲಿ ಅಷ್ಟು ಜನ ಒಳಹೋಗಲು ಎರಡು ಗಂಟೆಗೂ ಹೆಚ್ಚು ಬೇಕು. ಹೊರಗೆ ಒತ್ತಡ ಮಿತಿಮೀರಿದಾಗ, 2.52ಕ್ಕೆ ಪೊಲೀಸರು ನಿರ್ಗಮನ ಗೇಟನ್ನೇ ತೆರೆಸಿದರು. ಆದರೆ ಆಗಲೇ ತುಂಬಿದ್ದ ನಡುವಿನ ಕಟಕಟೆಗಳಿಗೆ (ನಿಂತು ನೋಡುವವರಿಗಾಗಿ ಬೇಲಿ ಹಾಕಿದ ಜಾಗ) ಹೋಗುವ ಸುರಂಗದ ಬಾಯಿಯನ್ನು ಮುಚ್ಚಿಸಲಿಲ್ಲ. ಎರಡೂ ಪಕ್ಕದ ಕಟಕಟೆಗಳಲ್ಲಿ ಜಾಗವಿತ್ತು, ಅತ್ತ ಜನರನ್ನು ತಿರುಗಿಸುವವರಿರಲಿಲ್ಲ. ಆಟವನ್ನು ಹತ್ತಿಪ್ಪತ್ತು ನಿಮಿಷ ಮುಂದೂಡಲೂ ಇಲ್ಲ. 97 ಜೀವ ಹೋದವು. ಅಭಿಮಾನಿಗಳ ನಡವಳಿಕೆ ಇದಕ್ಕೆ ಕಾರಣವಲ್ಲ ಎಂದು ಜ್ಯೂರಿ ಹೇಳಲು 2016 ಬರಬೇಕಾಯಿತು. ಸತ್ತವರ ಮೇಲೆಯೇ ಹೊರಿಸಿದ ಆ ಕಳಂಕವನ್ನು ಕುಟುಂಬಗಳು 27 ವರ್ಷ ಹೊತ್ತವು.

2022ರ ಮೇನಲ್ಲಿ ಪ್ಯಾರಿಸ್ಸಿನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ ಅದೇ ರಾಗ. 30ರಿಂದ 40 ಸಾವಿರ ಮಂದಿ ನಕಲಿ ಟಿಕೆಟ್ ಹಿಡಿದು ಅಥವಾ ಟಿಕೆಟ್ಟೇ ಇಲ್ಲದೆ ಬಂದಿದ್ದರೆಂದು ಫ್ರಾನ್ಸಿನ ಸಚಿವರು ಹೇಳಿದರು. ಟರ್ನ್‌ಸ್ಟೈಲ್‌ಗಳಲ್ಲಿ ಸಿಕ್ಕ ನಕಲಿ ಟಿಕೆಟ್ 2,589. ಆ ಹೊತ್ತಿಗೆ ಮಕ್ಕಳಿದ್ದ ಸಾಲುಗಳ ಮೇಲೂ ಅಶ್ರುವಾಯು ಬಿದ್ದಿತ್ತು. ಮುಖ್ಯ ಹೊಣೆ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎಯದೇ ಎಂದು ಸ್ವತಂತ್ರ ತನಿಖೆ ಮರುವರ್ಷ ಹೇಳಿತು.

ಕ್ರೀಡಾಂಗಣದೊಳಗೆ ಅಶ್ರುವಾಯು ಬೇಡ ಎಂದು ಫಿಫಾ ನಿಯಮದಲ್ಲೇ ಇದೆ. ಬಯಲಿನಲ್ಲಿ ಹೊಗೆ ತಪ್ಪಿಸಿಕೊಂಡು ಓಡಬಹುದು, ಗ್ಯಾಲರಿಯಲ್ಲಿ ಇರುವುದು ಮೆಟ್ಟಿಲು ಮತ್ತು ಕಿರಿದಾದ ಬಾಗಿಲು ಮಾತ್ರ. ಇಂಡೊನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದಲ್ಲಿ 2022ರ ಅಕ್ಟೋಬರ್ 1ರಂದು ಪೊಲೀಸರು ಗ್ಯಾಲರಿಯತ್ತಲೂ ಅಶ್ರುವಾಯು ಶೆಲ್ ಹಾರಿಸಿದರು. ಕಣ್ಣು ಕಾಣದೆ ಬಾಗಿಲಿಗೆ ಮುಗಿಬಿದ್ದವರು ಅಲ್ಲೇ ಸಿಕ್ಕಿಬಿದ್ದರು. ಸತ್ತವರು 135 ಮಂದಿ.

ಕಿಡಿಗೇಡಿಗಳಿಲ್ಲ ಎಂದು ನಾವು ವಾದಿಸುತ್ತಿಲ್ಲ. ಬಾಟಲಿ ಎಸೆದವನನ್ನು ಕ್ಯಾಮೆರಾ ನೋಡಿ ಹಿಡಿಯಲಿ, ಅವನ ಪಕ್ಕ ನಿಂತ ಮುನ್ನೂರು ಜನರನ್ನಲ್ಲ. 2004ರ ಯೂರೋ ಕಪ್‌ನಲ್ಲಿ ಪೋರ್ಚುಗಲ್‌ನ ಲಿಸ್ಬನ್, ಪೋರ್ಟೊಗಳಂಥ ನಗರಗಳ ಪೊಲೀಸರು ಸಾಮಾನ್ಯ ಸಮವಸ್ತ್ರದಲ್ಲಿ ಅಭಿಮಾನಿಗಳ ನಡುವೆ ಓಡಾಡಿ ಮಾತಾಡಿಸಿದರು, ಗಲಭೆ ನಿಗ್ರಹ ಪಡೆಯನ್ನು ಕಣ್ಣಿಗೆ ಬೀಳದಂತೆ ಹಿಂದಿಟ್ಟರು. ಅಲ್ಲಿ ದೊಡ್ಡ ಗಲಭೆಯಾಗಲಿಲ್ಲ. ಹೆಲ್ಮೆಟ್, ಗುರಾಣಿ ಹಿಡಿದು ಎದುರು ನಿಂತರೆ ಸುಮ್ಮನಿದ್ದವನೂ ಕೆರಳುತ್ತಾನೆ.

ಇನ್ನು ನಿಷೇಧದ ವಿಷಯ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ನಿಷೇಧಾಜ್ಞೆಯನ್ನು ನ್ಯಾಯಾಲಯವೇ ಹೊರಡಿಸಬೇಕು, ಕನಿಷ್ಠ ಅವಧಿ 3 ವರ್ಷ, ಮೇಲ್ಮನವಿಗೂ ಅವಕಾಶವಿದೆ. ಕ್ಲಬ್‌ಗಳು ತಾವೇ ಹಾಕುವ ನಿಷೇಧಕ್ಕೂ ಇಂಥ ಕಟ್ಟುಪಾಡು ಬೇಕು: ಲಿಖಿತ ಕಾರಣ, ಸಾಕ್ಷ್ಯ ನೋಡುವ ಹಕ್ಕು, ಕ್ಲಬ್ಬಿನ ಹೊರಗಿನವರ ಮುಂದೆ ಮೇಲ್ಮನವಿ. ಎದುರಾಳಿ ತಂಡದ ಅಭಿಮಾನಿಗಳನ್ನು ಪಂದ್ಯ ಮುಗಿದ ಮೇಲೆ ಒಳಗೇ ತಡೆದಿಡುವುದಾದರೆ ಎಷ್ಟು ಹೊತ್ತೆಂದು ಮೊದಲೇ ಮೈಕಿನಲ್ಲಿ ಹೇಳಲಿ, ಶೌಚಾಲಯ ಮತ್ತು ಕುಡಿಯುವ ನೀರು ತೆರೆದಿಡಲಿ, ಕೊನೆಯ ರೈಲಿನ ಸಮಯ ನೋಡಿ ಬಿಡಲಿ. ಬಂದೋಬಸ್ತಿಗೆ ನಿಂತ ಪ್ರತಿ ಪೊಲೀಸರ ಗುರುತಿನ ಸಂಖ್ಯೆ ಹೆಲ್ಮೆಟ್ ಮೇಲೂ ದೂರಕ್ಕೆ ಕಾಣುವಷ್ಟು ದೊಡ್ಡದಾಗಿರಲಿ. ಅದಿಲ್ಲದೆ ಪೆಟ್ಟು ತಿಂದವರು ಯಾರ ಮೇಲೆಂದು ದೂರು ಕೊಡಬೇಕು?

– ಫುಟ್‌ಬಾಲ್ ಅಭಿಮಾನಿಗಳು