ಪುಟ್ಟಿಯ ಎರಡು ನುಡಿಯ ಶಾಲೆ

ಪ್ರೀತಿಯ ಮಗಳೇ,

ಪುಟ್ಟಿಯನ್ನು ಸ್ಪ್ಯಾನಿಷ್-ಇಂಗ್ಲಿಷ್ ಶಾಲೆಯ ಕಿಂಡರ್‌ಗಾರ್ಟನ್‌ಗೆ ಹಾಕುವುದೋ ಬೇಡವೋ ಎಂದು ಕೇಳಿದ್ದೀಯ. "ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಸ್ಪ್ಯಾನಿಷ್, ಹಾಗಾದರೆ ಮಗು ಇಂಗ್ಲಿಷ್ ಕಲಿಯುವುದು ಯಾವಾಗ?" ಅನ್ನುವ ಅಳಿಯಂದಿರ ಪ್ರಶ್ನೆಯೂ ನ್ಯಾಯವಾದದ್ದೇ. ಹಾಕು ಅಂತಲೇ ನಾನು ಹೇಳುವುದು. ಆದರೆ ಐದನೇ ಕ್ಲಾಸು ಮುಗಿಯುವವರೆಗೆ ಬಿಡಿಸುವುದಿಲ್ಲ ಎಂದು ಇಬ್ಬರೂ ಈಗಲೇ ಒಪ್ಪಿಕೊಂಡರೆ ಮಾತ್ರ. ಎರಡನೇ ಕ್ಲಾಸಿನಲ್ಲಿ ಗಾಬರಿಬಿದ್ದು ಬಿಡಿಸುವ ಹಾಗಿದ್ದರೆ ಶುರುವೇ ಮಾಡಬೇಡ.

ಮೊದಲು ಆ ಶಾಲೆ ಯಾವ ಲೆಕ್ಕದ್ದು ಎಂದು ವಿಚಾರಿಸು. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. 50/50 ಎಂದರೆ ಮೊದಲ ದಿನದಿಂದ ಅರ್ಧ ಅರ್ಧ: ಬೆಳಿಗ್ಗೆ ಒಂದು ಭಾಷೆ ಮಧ್ಯಾಹ್ನ ಇನ್ನೊಂದು, ಇಲ್ಲವೇ ದಿನ ಬಿಟ್ಟು ದಿನ. 90/10 ಎಂದರೆ ಕಿಂಡರ್‌ಗಾರ್ಟನ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲು ಸ್ಪ್ಯಾನಿಷ್. ಆರು ಗಂಟೆಯ ದಿನ ಎಂದುಕೊಂಡರೆ ಇಂಗ್ಲಿಷಿಗೆ ಉಳಿಯುವುದು 36 ನಿಮಿಷ. ಅದೂ ಹಾಡು, ಮಾತು, ಕಥೆಗೆ. ಓದುವುದು, ಬರೆಯುವುದು, ಲೆಕ್ಕ, ವಿಜ್ಞಾನ ಎಲ್ಲವೂ ಸ್ಪ್ಯಾನಿಷಿನಲ್ಲೇ. ವರ್ಷವರ್ಷಕ್ಕೆ ಇಂಗ್ಲಿಷಿನ ಪಾಲು ಸುಮಾರು ಹತ್ತರಂತೆ ಏರುತ್ತಾ ನಾಲ್ಕನೆಯ ಅಥವಾ ಐದನೆಯ ಕ್ಲಾಸಿಗೆ ಸಮಸಮ ಆಗುತ್ತದೆ. ನನ್ನನ್ನು ಕೇಳಿದರೆ 90/10 ವಾಸಿ. ಬೀದಿ, ಟಿವಿ, ಆಟದ ಬಯಲು ಎಲ್ಲವೂ ಇಂಗ್ಲಿಷನ್ನು ಪುಕ್ಕಟೆ ಕೊಡುತ್ತವೆ. ಸ್ಪ್ಯಾನಿಷನ್ನು ಕೊಡುವುದು ಆ ಕೋಣೆಯೊಂದೇ.

ಇದೇನೂ ಹೊಸ ಪ್ರಯೋಗವಲ್ಲ. ಮಯಾಮಿಯ ಕೋರಲ್ ವೇ ಶಾಲೆಯಲ್ಲಿ ಕ್ಯೂಬಾದಿಂದ ಬಂದವರ ಮಕ್ಕಳನ್ನೂ ಇಂಗ್ಲಿಷ್ ಮನೆಗಳ ಮಕ್ಕಳನ್ನೂ ಕೂಡಿಸಿ 1963ರಲ್ಲೇ ಹೀಗೆ ಕಲಿಸಲು ಶುರುಮಾಡಿದ್ದರು. ಕ್ಯಾಲಿಫೋರ್ನಿಯಾ 1998ರಲ್ಲಿ ಮತ ಹಾಕಿ ಎರಡು ನುಡಿಯ ಕಲಿಕೆಯನ್ನು ಬಹಳಮಟ್ಟಿಗೆ ಕಟ್ಟಿಹಾಕಿತು, 2016ರಲ್ಲಿ ಮತ್ತೆ ಮತ ಹಾಕಿಯೇ ಆ ಕಟ್ಟು ಬಿಚ್ಚಿತು.

ಸೇರಿಸುವಾಗ ಒಂದು ಫಾರ್ಮ್ ಬರುತ್ತದೆ, ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆ. ಮಗು ಮೊದಲು ಆಡಿದ ಮಾತು ಯಾವುದು, ಮನೆಯಲ್ಲಿ ಹೆಚ್ಚು ಆಡುವುದು ಯಾವುದು, ಹೀಗೆ. ಕನ್ನಡ ಎಂದು ಬರೆದರೆ 30 ದಿನದೊಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಅಂಕ ಕಡಿಮೆ ಬಂದರೆ 'ಇಂಗ್ಲಿಷ್ ಲರ್ನರ್' ಎಂಬ ಹಣೆಪಟ್ಟಿ. ಮಟ್ಟ ಮುಟ್ಟಿ ಅದು ಕಳಚುವವರೆಗೆ ಪ್ರತಿವರ್ಷ ಅದೇ ಪರೀಕ್ಷೆ. ಪರೀಕ್ಷೆ ಬೇಡ ಎನ್ನಲು ಬರುವುದಿಲ್ಲ. ಇದಕ್ಕೆ ಹೆದರಿ 'ಇಂಗ್ಲಿಷ್' ಎಂದು ಸುಳ್ಳು ಬರೆಯುವ ನಮ್ಮವರು ಕಡಿಮೆಯಿಲ್ಲ. ನೀನು ಹಾಗೆ ಮಾಡಬೇಡ. ಹಣೆಪಟ್ಟಿಯಿಂದ ಮಗುವಿಗೆ ಹೆಚ್ಚುವರಿ ಇಂಗ್ಲಿಷ್ ಪಾಠ ಸಿಗುತ್ತದೆ, ಅಷ್ಟೇ. ಸೀಟಿನ ಲಾಟರಿಯಲ್ಲಿ ಸ್ಪ್ಯಾನಿಷ್ ಮನೆಯವರಿಗೊಂದು ಪಾಲು, ಉಳಿದವರಿಗೊಂದು ಪಾಲು ಎಂದು ಎತ್ತಿಡುವುದು ವಾಡಿಕೆ; ಪುಟ್ಟಿ ಉಳಿದವರ ಪಾಲಿಗೆ ಸೇರುತ್ತಾಳೆ. ಈಗ ತಪ್ಪಿದರೆ ಮುಂದೆ ಎಂದಾದರೂ ನೋಡೋಣ ಎನ್ನಲಾಗದು. ಒಂದನೇ ಕ್ಲಾಸು ದಾಟಿದ ಮೇಲೆ ಸ್ಪ್ಯಾನಿಷ್ ಬಾರದ ಮಗುವನ್ನು ಬಹುತೇಕ ಶಾಲೆಗಳು ಸೇರಿಸಿಕೊಳ್ಳುವುದಿಲ್ಲ.

ಮೊದಲ ಮೂರು ನಾಲ್ಕು ತಿಂಗಳು ಅವಳು ಸ್ಪ್ಯಾನಿಷಿನಲ್ಲಿ ತುಟಿಪಿಟಕ್ಕೆನ್ನದಿದ್ದರೆ ಚಿಂತಿಸಬೇಡ. ಟೀಚರನ್ನು ಎಲ್ಲರೂ 'ಮಾಯೆಸ್ತ್ರಾ' ಎನ್ನುತ್ತಾರೆ. ಆಕೆ 'ಸಿಯೆಂತೆನ್ಸೆ' ಎನ್ನುತ್ತಾ ಕೈ ಕೆಳಗೆ ಮಾಡಿದರೆ ಮಕ್ಕಳು ಕೂರುತ್ತಾರೆ, 'ಲೆವಾಂತೆನ್ಸೆ' ಎಂದರೆ ಏಳುತ್ತಾರೆ. ಕಿವಿ ತುಂಬಿದ ಮೇಲೆ ಬಾಯಿ. ಮನೆಗೆ ಬರುವ ಮೊದಲ ಪೂರ್ತಿ ವಾಕ್ಯ ಬಹುಶಃ "ಪ್ವೆದೊ ಇರ್ ಅಲ್ ಬಾಞೊ?" ಎಂದಿರುತ್ತದೆ, ಬಚ್ಚಲಿಗೆ ಹೋಗಲಾ ಅಂತ. ಲೆಕ್ಕದಲ್ಲಿ ಮಕ್ಕಳು ಎಡವುವುದು ಎಲ್ಲೆಂದರೆ ಅರವತ್ತು-ಎಪ್ಪತ್ತರ ಹತ್ತಿರ: ಒಂದು 'ಸೆಸೆಂತಾ', ಇನ್ನೊಂದು 'ಸೆತೆಂತಾ'. ಕೂಡುವುದು ಬಾರದೆ ತಪ್ಪಾಯಿತೋ, ಕಿವಿ ತಪ್ಪಿ ತಪ್ಪಾಯಿತೋ ಎಂದು ನೋಡದೆ ಗದರಬೇಡ.

ಓದು ನಮ್ಮ ಕಾಗುಣಿತದಂತೆಯೇ ಶುರುವಾಗುತ್ತದೆ: ಮಾ, ಮೆ, ಮಿ, ಮೊ, ಮು. ಸ್ಪ್ಯಾನಿಷಿನಲ್ಲಿ ಸ್ವರ ಐದೇ, ಬರೆದ ಹಾಗೆ ಓದು. ಆದ್ದರಿಂದ ಕಿಂಡರ್‌ಗಾರ್ಟನ್ ಮುಗಿಯುವ ಹೊತ್ತಿಗೆ ಮಕ್ಕಳು ಸರಸರ ಓದುವುದನ್ನು ನೋಡಿ ನೀನು ಹಿಗ್ಗುತ್ತೀಯ. ಆಮೇಲೆ ಒಂದು ದಿನ ಅವಳು ಇಂಗ್ಲಿಷಿನಲ್ಲಿ ಚೀಟಿ ಬರೆಯುತ್ತಾಳೆ. 'ಲೈಕ್' ಎಂಬುದಕ್ಕೆ ಎಲ್-ಎ-ಐ-ಕೆ, 'ಹೌಸ್' ಎಂಬುದಕ್ಕೆ ಜೆ-ಎ-ಯು-ಎಸ್. ಅಳಿಯಂದಿರು ತಲೆಯ ಮೇಲೆ ಕೈ ಹೊರುವುದು ಆವತ್ತೇ. ಆ ಚೀಟಿಯನ್ನು ನಿಧಾನವಾಗಿ ನೋಡಿ. ಸ್ಪ್ಯಾನಿಷಿನಲ್ಲಿ ಜೆ ಎಂದರೆ ಹಕಾರ, ಎ-ಯು ಎಂದರೆ 'ಔ'. ಅವಳು ಕೇಳಿದ ಒಂದೊಂದು ಧ್ವನಿಯನ್ನೂ ತನಗೆ ಗೊತ್ತಿರುವ ಅಕ್ಷರಕ್ಕೆ ಸರಿಯಾಗಿಯೇ ಜೋಡಿಸಿದ್ದಾಳೆ. ಇಂಗ್ಲಿಷ್ ಓದಿನ ಪಾಠ ಎರಡನೆಯ ಅಥವಾ ಮೂರನೆಯ ಕ್ಲಾಸಿನಲ್ಲಿ ಬಂದಾಗ ಇದು ತಾನಾಗಿ ಸರಿಹೋಗುತ್ತದೆ.

ಸ್ಪ್ಯಾನಿಷಿನಲ್ಲಿ ಆಗುವ ತಪ್ಪುಗಳು ಬೇರೆ ತರಹದವು. ಬಿ ಮತ್ತು ವಿ ಎರಡಕ್ಕೂ ಒಂದೇ ಸದ್ದು, ಹಾಗಾಗಿ 'ವಾಕಾ' ಎಂಬ ಹಸುವನ್ನು ಬಿ ಹಾಕಿ ಬರೆಯುತ್ತಾರೆ. ಹೆಚ್ ಮೂಕ, 'ಓಲಾ' ಎಂಬ ನಮಸ್ಕಾರದಲ್ಲಿ ಹೆಚ್ ಬಿಟ್ಟರೆ ಅದು ಸಮುದ್ರದ ಅಲೆಯಾಗುತ್ತದೆ. ಇವೆಲ್ಲಕ್ಕಿಂತ ಕಾಡುವುದು ಅಕ್ಷರದ ಮೇಲಿನ ಗೆರೆ. ಸ್ವರ, ಎನ್ ಅಥವಾ ಎಸ್‌ನಲ್ಲಿ ಮುಗಿಯುವ ಪದಕ್ಕೆ ಒತ್ತು ಕೊನೆಯಿಂದ ಎರಡನೇ ಉಚ್ಚಾರದ ಮೇಲೆ. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯದರ ಮೇಲೆ. ಈ ನಿಯಮ ಮುರಿದಲ್ಲಿ ಗೆರೆ. 'ಆಬ್ಲೊ' ಎಂದರೆ ನಾನು ಮಾತಾಡುತ್ತೇನೆ, ಕೊನೆಯ ಅಕ್ಷರಕ್ಕೆ ಗೆರೆ ಹಾಕಿ 'ಅಬ್ಲೋ' ಎಂದರೆ ಅವನು ಮಾತಾಡಿದ. ನಮ್ಮ ಕಿವಿಗೆ ಈ ಒತ್ತು ದೀರ್ಘದಂತೆ ಕೇಳುತ್ತದೆ. ಹಾಗೆಂದೇ ಹೇಳಿಕೊಟ್ಟರೆ ಪುಟ್ಟಿಗೆ ಬೇಗ ಹತ್ತುತ್ತದೆ.

ಕನ್ನಡದ ಮಗುವಿಗೆ ಇಲ್ಲಿ ಎಷ್ಟು ಅನುಕೂಲ ಇದೆ ಎಂದು ಅಳಿಯಂದಿರಿಗೆ ತಿಳಿಸು. ಸ್ಪ್ಯಾನಿಷಿನ ಟಿ, ಡಿ ನಮ್ಮ ತ, ದ. ಇಂಗ್ಲಿಷ್ ಮನೆಯ ಮಕ್ಕಳು ವರ್ಷಗಟ್ಟಲೆ ಟ, ಡ ಎಂದೇ ಹೇಳುತ್ತಿರುತ್ತಾರೆ. 'ತು' ಎಂದರೆ ನೀನು, 'ಉಸ್ತೆದ್' ಎಂದರೆ ನೀವು. ಯಾರಿಗೆ ಯಾವುದು ಎಂದು ಅವಳಿಗೆ ಹೇಳಿಕೊಡುವುದೇ ಬೇಡ. ಎಲ್ಲಕ್ಕಿಂತ ಸೊಗಸು 'ಮೆ ಗುಸ್ತಾ'. "ಮೆ ಗುಸ್ತಾ ಲಾ ಲೆಚೆ" ಎಂದರೆ "ನನಗೆ ಹಾಲು ಇಷ್ಟ", ನನಗೆ ಎನ್ನುವ ಚತುರ್ಥಿ ಸಮೇತ. ತಲೆ ನೋಯುತ್ತದೆ ಎನ್ನುವಾಗಲೂ ಹಾಗೇ, 'ನನಗೆ' ಎಂದೇ. ಇಂಗ್ಲಿಷ್ ಮಕ್ಕಳು 'ನಾನು ಇಷ್ಟಪಡುತ್ತೇನೆ' ಎಂಬ ಅಚ್ಚಿನಲ್ಲಿ 'ಯೊ ಗುಸ್ತೊ' ಎಂದು ಎಡವುವ ಕಡೆ ಪುಟ್ಟಿ ನಡೆದುಹೋಗುತ್ತಾಳೆ. ಕನ್ನಡ ಕೈಕೊಡುವುದು ಲಿಂಗದಲ್ಲಿ. ನಮಗೆ ಮೇಜು 'ಅದು'. ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಪದವನ್ನು ಒಂಟಿಯಾಗಿ ಕಲಿಸದೆ 'ಲಾ ಮೆಸಾ', 'ಎಲ್ ಲಿಬ್ರೊ' ಎಂದು ಜೋಡಿಯಾಗಿಯೇ ಬಾಯಿಗೆ ಹತ್ತಿಸಬೇಕು.

ನಿಮಗೆ ಸ್ಪ್ಯಾನಿಷ್ ಬಾರದೆಂದು ಹಿಂಜರಿಯಬೇಡಿ. ಓದಲು ಒಂದು ವಾರ ಸಾಕು: ಹೆಚ್ ಸುಮ್ಮನೆ, ಜೆ ಹಕಾರ, ಜೋಡಿ ಎಲ್ ಯಕಾರ, ಝಡ್ ಸಕಾರ, ಕ್ಯೂ-ಯು ಕಕಾರ, ಜಿ ಮುಂದೆ ಇ ಅಥವಾ ಐ ಬಂದರೆ ಹಕಾರ, ಉಳಿದಂತೆ ಗಕಾರ. ರಾತ್ರಿ ಇಪ್ಪತ್ತು ನಿಮಿಷ ಅವಳು ಸ್ಪ್ಯಾನಿಷಿನಲ್ಲಿ ಒಂದು ಪುಟ ಓದಲಿ, ಆಮೇಲೆ ಅದರ ಕಥೆಯನ್ನು ನಿನಗೆ ಕನ್ನಡದಲ್ಲಿ ಹೇಳಲಿ. ಅರ್ಥವಾಗದೆ ಬರೀ ಅಕ್ಷರ ಓದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇಂಗ್ಲಿಷ್ ಹಿಂದುಳಿಯಿತೆಂದು ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಮಾತ್ರ ಕೆಟ್ಟಿತು. ಆವಿಯಾಗುವುದು, ಭಾಗಿಸುವುದು ಏನೆಂದು ಒಂದು ಭಾಷೆಯಲ್ಲಿ ಗಟ್ಟಿಯಾಗಿ ತಿಳಿದ ಮಗುವಿಗೆ ಇನ್ನೊಂದರಲ್ಲಿ ಬೇಕಾಗುವುದು ಹೆಸರು ಮಾತ್ರ.

ಇನ್ನು ಆ ಗಾಬರಿಯ ವಿಷಯ. ಎರಡನೇ ಕ್ಲಾಸಿನ ಕೊನೆಗೆ ಪಕ್ಕದ ಮನೆಯ ಮಗು ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದುತ್ತಿರುತ್ತದೆ, ಪುಟ್ಟಿ ಅಕ್ಷರ ಕೂಡಿಸುತ್ತಿರುತ್ತಾಳೆ. ಮೂರನೇ ಕ್ಲಾಸಿನ ವಸಂತದಲ್ಲಿ ರಾಜ್ಯದ ಪರೀಕ್ಷೆ ಬರುತ್ತದೆ, ಅದರ ಓದಿನ ಭಾಗ ಇಂಗ್ಲಿಷಿನಲ್ಲಿ; ಅಂಕ ಕಡಿಮೆ ಬಂದರೆ ಆಶ್ಚರ್ಯವಿಲ್ಲ, ಆ ಭಾಷೆಯ ಓದು ಶುರುವಾಗಿ ಒಂದು ವರ್ಷವಷ್ಟೇ ಆಗಿರುತ್ತದೆ. ಅವಳು ನಿಜಕ್ಕೂ ಎಲ್ಲಿದ್ದಾಳೆ ಎಂದು ತಿಳಿಯಲು ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಪರೀಕ್ಷೆಯ ಫಲಿತಾಂಶವನ್ನೂ ಕೇಳು. ಮೂರನೇ ಕ್ಲಾಸಿನಿಂದ ಅದು ಉಂಟು, ಆದರೆ ಕಡ್ಡಾಯವಲ್ಲ. ಓರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಲಾಟರಿಯಲ್ಲಿ ಇಂಥ ಸೀಟು ಸಿಕ್ಕ ಮಕ್ಕಳನ್ನೂ ಸಿಗದವರನ್ನೂ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು ಹೋಲಿಸಿ ನೋಡಿದ್ದಾರೆ. ಐದನೇ ಕ್ಲಾಸಿಗೆ ಸೀಟು ಸಿಕ್ಕವರು ಇಂಗ್ಲಿಷ್ ಓದಿನಲ್ಲಿ ಸುಮಾರು ಏಳು ತಿಂಗಳ ಕಲಿಕೆಯಷ್ಟು ಮುಂದಿದ್ದರು, ಎಂಟನೆಯದಕ್ಕೆ ಒಂಬತ್ತು ತಿಂಗಳಷ್ಟು. ಚೀಟಿ ಎತ್ತಿ ಹಂಚಿದ ಸೀಟುಗಳಾದ್ದರಿಂದ, ಮುತುವರ್ಜಿಯ ಅಪ್ಪ-ಅಮ್ಮ ಇದ್ದವರೇ ಮುಂದೆ ಬಂದರು ಎನ್ನುವ ಆಕ್ಷೇಪಕ್ಕೆ ಎಡೆಯಿಲ್ಲ. ಅಂದರೆ ಇಳಿಜಾರು ಬರುವುದು ಮಧ್ಯದಲ್ಲಿ, ಫಲ ಕೊನೆಯಲ್ಲಿ. ಮೂರನೆಯದರಲ್ಲಿ ಬಿಡಿಸಿದವರಿಗೆ ನಷ್ಟವಷ್ಟೇ ಕೈಗೆ ಬರುತ್ತದೆ.

ನಿಜವಾದ ಆಪತ್ತು ಬೇರೆ ಇದೆ. ಕೋಣೆಯೊಳಗೆ ಸ್ಪ್ಯಾನಿಷ್, ಆಟಕ್ಕೆ ಬಿಟ್ಟ ಕೂಡಲೇ ಇಂಗ್ಲಿಷ್. ಸ್ಪ್ಯಾನಿಷ್ ಮನೆಯ ಮಕ್ಕಳೂ ಹಾಗೇ. ನಾಲ್ಕನೇ ಕ್ಲಾಸಿಗೆ ಬಂದಾಗ ಸ್ಪ್ಯಾನಿಷಿನಲ್ಲಿ ದ್ಯುತಿಸಂಶ್ಲೇಷಣೆ ವಿವರಿಸಬಲ್ಲರು, ಚೆಂಡು ಇತ್ತ ಎಸೆ ಎನ್ನಲು ತಡವರಿಸುತ್ತಾರೆ. ಸ್ಪ್ಯಾನಿಷ್ ಆಡುವ ಅಜ್ಜಿ ಇರುವ ಮನೆಯ ಗೆಳತಿಯೊಬ್ಬಳನ್ನು ಹುಡುಕಿಕೊಂಡು ವಾರಕ್ಕೊಮ್ಮೆ ಅಲ್ಲಿಗೆ ಆಡಲು ಕಳಿಸು. ಅಜ್ಜಿಯ ಜೊತೆ ಇಂಗ್ಲಿಷ್ ನಡೆಯುವುದಿಲ್ಲವಲ್ಲ! ಮಿಡಲ್ ಸ್ಕೂಲಿನಲ್ಲಿ ಸ್ಪ್ಯಾನಿಷ್ ದಿನಕ್ಕೆ ಎರಡು ಪೀರಿಯಡ್ಡಿಗೆ ಇಳಿಯುವುದು ಸಾಮಾನ್ಯ, ಆಗ ಉಳಿಸುವುದು ಈ ಗೆಳೆತನವೇ. ನವೆಂಬರ್ 1 ಮತ್ತು 2ಕ್ಕೆ ಸತ್ತ ಹಿರಿಯರಿಗಾಗಿ ಮೆಕ್ಸಿಕೋದವರು ಮಾಡುವ ಹಬ್ಬ ಬರುತ್ತದೆ. ಚೆಂಡು ಹೂವು, ದೀಪ, ತಿನಿಸು ಇಟ್ಟು ಕ್ಲಾಸಿನಲ್ಲಿ ನಮ್ಮ ಎಡೆಯಂತೆಯೇ ಜೋಡಿಸುತ್ತಾರೆ. ಮುತ್ತಜ್ಜನ ಫೋಟೋ ಬೇಕು ಎಂದು ಪುಟ್ಟಿ ಕೇಳುತ್ತಾಳೆ, ಕೊಡು.

ಸಹಿ ಹಾಕುವ ಮುಂಚೆ ಶಾಲೆಗೆ ಹೋಗಿ ಐದನೇ ಕ್ಲಾಸಿನ ಸ್ಪ್ಯಾನಿಷ್ ಪಾಠದಲ್ಲಿ ಇಪ್ಪತ್ತು ನಿಮಿಷ ಕೂತು ನೋಡು. ಕಿಂಡರ್‌ಗಾರ್ಟನ್ ಎಲ್ಲ ಕಡೆಯೂ ಚಂದವೇ. ಮಕ್ಕಳಿಗೆ ಅರ್ಥವಾಗದಿದ್ದಾಗ ಟೀಚರು ಚಿತ್ರ ಬರೆದು, ಬೇರೆ ಮಾತಿನಲ್ಲಿ ಮತ್ತೆ ಸ್ಪ್ಯಾನಿಷಿನಲ್ಲೇ ಹೇಳುತ್ತಾರೋ, ಇಲ್ಲ ತಟ್ಟನೆ ಇಂಗ್ಲಿಷಿಗೆ ಜಿಗಿಯುತ್ತಾರೋ? ಪ್ರತಿ ವಾಕ್ಯಕ್ಕೂ ಅನುವಾದ ಸಿಕ್ಕರೆ ಮಕ್ಕಳು ಸ್ಪ್ಯಾನಿಷ್ ಕೇಳುವುದನ್ನೇ ಬಿಟ್ಟು ಇಂಗ್ಲಿಷಿಗೆ ಕಾಯುತ್ತಾರೆ. ಬರವಣಿಗೆಯ ನೋಟ್‌ಬುಕ್ ತೋರಿಸಿ ಎಂದು ಕೇಳು. ಐದನೆಯದರ ಮಗು 'ಏಕೆಂದರೆ' ಹಾಕಿ ಒಂದು ಪುಟ ವಾದಿಸಿರಬೇಕು, ಬಿಟ್ಟ ಸ್ಥಳ ತುಂಬಿದ್ದರೆ ಸಾಲದು. ಎಷ್ಟು ಮಕ್ಕಳು ಉಳಿದಿದ್ದಾರೆಂದೂ ಎಣಿಸು. ಬಿಟ್ಟುಹೋದವರ ಸೀಟು ತುಂಬುವುದು ಕಷ್ಟ, ಅದಕ್ಕೇ ಕೆಲವೆಡೆ ನಾಲ್ಕು-ಐದನ್ನು ಒಂದೇ ಕೋಣೆಯಲ್ಲಿ ಕೂಡಿಸುತ್ತಾರೆ.

ಇಂತಿ,
ಅಮ್ಮ

ಮರೆತಿದ್ದೆ: ಹುಟ್ಟುಹಬ್ಬದ ಕಾರ್ಡು ಸ್ಪ್ಯಾನಿಷಿನಲ್ಲಿ ಅಚ್ಚು ಹಾಕಿಸಿದರೆ 'ಆಞೊ' ಎಂಬ ಪದದಲ್ಲಿ ಎನ್ ಮೇಲಿನ ಅಲೆ ಇದೆಯೇ ಎಂದು ಎರಡು ಸಲ ನೋಡು. ಅಲೆ ಇದ್ದರೆ ಅದು ವರ್ಷ. ಇಲ್ಲದಿದ್ದರೆ ಗುದದ್ವಾರ, ಅದೂ ಪುಟ್ಟಿಗೆ ಆರು ಇವೆ ಎಂದಾಗುತ್ತದೆ.