ಅಳತೆ ದೊಡ್ಡದು, ತೂಕವೇ ಇಲ್ಲ

ಮಾನ್ಯ ಸಂಪಾದಕರೆ,

ವೈಜ್ಞಾನಿಕ ಕಲ್ಪನೆಯ ಚಿತ್ರದ ಎರಡನೇ ಭಾಗ ಎಲ್ಲಿ ಹದ ತಪ್ಪುತ್ತದೆ ಎಂದು ನೋಡಲು 2016ರ ‘ಇಂಡಿಪೆಂಡೆನ್ಸ್ ಡೇ: ರಿಸರ್ಜೆನ್ಸ್’ ಸಾಕು. 1996ರ ಮೊದಲ ಚಿತ್ರದಲ್ಲಿ ನಗರಗಳ ಮೇಲೆ ಬಂದು ನಿಲ್ಲುವ ಅನ್ಯಗ್ರಹದವರ ಆಕಾಶಹಡಗು ಸುಮಾರು 24 ಕಿ.ಮೀ. ಅಗಲ. ಒಂದಂಚು ಕಲಬುರಗಿಯ ಮೇಲಿದ್ದರೆ ಇನ್ನೊಂದು ಶಹಾಬಾದ್ ಹತ್ತಿರ. ಅಂದಾಜಿಗೆ ಸಿಗುತ್ತದೆ, ಅದಕ್ಕೇ ಎದೆ ಝಲ್ಲೆನ್ನುತ್ತದೆ. ಎರಡನೆಯದರಲ್ಲಿ ಅದು 4,800 ಕಿ.ಮೀ.! ಚಂದ್ರನ ವ್ಯಾಸವೇ 3,474. ಏಷ್ಯಾದ ಕಟ್ಟಡಗಳನ್ನೆಲ್ಲ ಗುರುತ್ವದಿಂದ ಎತ್ತಿ ಲಂಡನ್ ಮೇಲೆ ಸುರಿಯುವ ಈ ಹಡಗಿನ ಕೆಳಗೆ ನಾಯಕರ ಪುಟ್ಟ ವಾಹನ ಮಾತ್ರ ಸಲೀಸಾಗಿ ನುಸುಳುತ್ತದೆ.

ದೊಡ್ಡ ಕೊರತೆ ತೂಕದ್ದು. ಮೊದಲ ಚಿತ್ರದಲ್ಲಿ ಶ್ವೇತಭವನದ 1:12 ಅಳತೆಯ ಮಾದರಿ ಕಟ್ಟಿ ನಿಜವಾಗಿಯೇ ಸಿಡಿಸಿದ್ದರು. ಎತ್ತರ ಹನ್ನೆರಡನೇ ಒಂದಂಶವಾದ್ದರಿಂದ ಅಂಥ ಮಾದರಿಯ ಚೂರು ನಿಜ ಕಟ್ಟಡದ ಚೂರಿಗಿಂತ ಸುಮಾರು ಮೂರೂವರೆ ಪಟ್ಟು ಬೇಗ ನೆಲ ಮುಟ್ಟುತ್ತದೆ. ಆದ್ದರಿಂದ ಸೆಕೆಂಡಿಗೆ 24ರ ಬದಲು ಕನಿಷ್ಠ 80–85 ಫ್ರೇಮ್ (ಬಿಡಿ ಚಿತ್ರ) ಚಿತ್ರಿಸಿ ನಿಧಾನಗೊಳಿಸಬೇಕು. ಆಗಲೇ ಬೆಂಕಿ, ಧೂಳು ಭಾರವಾಗಿ ಕಾಣುವುದು. ಕಂಪ್ಯೂಟರಿನಲ್ಲಿ ದೃಶ್ಯ ಸೃಷ್ಟಿಸುವಾಗಲೂ ಈ ಲೆಕ್ಕ ಪಾಲಿಸಲೇಬೇಕು. ತಪ್ಪಿದರೆ ಗಗನಚುಂಬಿಯೂ ಬೆಂಕಿಪೊಟ್ಟಣದಂತೆ ಉರುಳುತ್ತದೆ. ಎರಡನೇ ಚಿತ್ರದಲ್ಲಿ ಆಗಿರುವುದು ಅದೇ.

ಮೊದಲ ಚಿತ್ರದ ನಾಯಕ ವಿಲ್ ಸ್ಮಿತ್ ಪಾತ್ರವನ್ನು ಕಥೆ ಶುರುವಾಗುವ ಮೊದಲೇ ಸಾಯಿಸಿ, ಗೋಡೆಯ ಪಟವಾಗಿಸಿದ್ದಾರೆ. ಕೊನೆಗೆ ಅನ್ಯಗ್ರಹದ ರಾಣಿ ಮಕ್ಕಳ ಶಾಲಾ ಬಸ್ಸಿನ ಬೆನ್ನು ಹತ್ತುತ್ತಾಳೆ. ಭೂಮಿಯ ಒಡಲನ್ನೇ ಕೊರೆಯಲು ಬಂದವಳಿಗೆ ಇದೆಂಥ ಕೆಲಸ! ಮುಗಿಯುವಾಗ ಮೂರನೇ ಭಾಗಕ್ಕೆ ಕೊಂಡಿಯನ್ನೂ ಹಾಕಿದ್ದಾರೆ.

– ಭೌತವಿಜ್ಞಾನ ಶಿಕ್ಷಕ, ಕಲಬುರಗಿ